ಕಪ್ಪು ಕಾಗದದ ಕಿಟಕಿ

ಹೋಟೆಲಿಗೆ ಹೂವಿನ ಅಲಂಕಾರ ಮಾಡುವಾಕೆ ಮೆಟ್ಟಿಲು ಹತ್ತುವ ಸದ್ದು ಕೇಳಿದ ಹೊತ್ತಿಗೇ ನನ್ನ ಮೂಗಿಗೆ ಬೂಷ್ಟಿನ ವಾಸನೆ ಬಡಿಯಿತು. ಇಷ್ಟು ದಿನ ಎಲ್ಲಿ ಅಡಗಿತ್ತೋ ಹಾಳಾದ್ದು!

ಮಹಡಿಯ ಆ ಕೋಣೆ ನನ್ನದಲ್ಲ, ಅತ್ತೆಯದು. ಹಿತ್ತಲಲ್ಲಿ ನಾನು ಬೆಳೆದ ಹೂಗಳನ್ನು ಗೊಂಚಲು ಕಟ್ಟಿ, ತಲೆಕೆಳಗಾಗಿ ತೂಗುಹಾಕಿ ಒಣಗಿಸಲು ಬಿಟ್ಟುಕೊಟ್ಟಿದ್ದರು. ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆಂದು ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದೆ. ಅತ್ತೆಗೆ ಉಬ್ಬಸ. ದಿನಾ ಅದೇ ರಾಗ: "ಕಿಟಕಿ ತೆಗಿಯೇ, ಉಸಿರು ಕಟ್ಟತ್ತೆ. ಮನೇನ ಸತ್ತ ಹೂಗಳ ಗೋದಾಮು ಮಾಡಿದ್ದೀಯ." ಭಾವನವರಿಗೋ ಅಲ್ಲಿ ಹೊಲಿಗೆ ಮೆಷೀನು ಹಾಕುವ ಆಸೆ. ನಮ್ಮಿಬ್ಬರ ಜಗಳ ಕೇಳಿ ಕೇಳಿ ರೋಸಿಹೋಗಿ ಅತ್ತೆ ಈ ಹಿರಿಮಗನಿಗೆ ಹೇಳಿಬಿಟ್ಟಿದ್ದರು: "ಆ ಹೋಟೆಲಿನವಳು ಹೂ ಒಪ್ಪಿದ್ರೆ ಕೋಣೆ ಇವಳದು. ಇಲ್ಲಾಂದ್ರೆ ನಿನ್ನದು."

ವಾಸನೆ ಹಿಡಿದು ತಡಕಾಡಿದೆ. ಕೋಳಿಜುಟ್ಟಿನ ಹೂಗಳ ಗೊಂಚಲು. ಬಗ್ಗಿಸಿದಾಗ ಕಾಂಡ ಟಕ್ಕನೆ ಮುರಿದಿದ್ದನ್ನು ಕಂಡು ಒಣಗಿದೆ ಎಂದು ನಂಬಿದ್ದೆ. ಈಗ ಮಡಿಕೆ ಬಿಡಿಸಿದರೆ ಒಳಗೆಲ್ಲ ಬೂದು ಬೂದು. ದಪ್ಪ ಹೂ, ನೀರನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ನನಗೆ ನಾಮ ಹಾಕಿತ್ತು.

ಅದನ್ನು ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ, ಹೋಟೆಲಿನಾಕೆಗಿಂತ ಮೊದಲು ಅತ್ತೆ ಒಳಬಂದರು. ನೋಡಿದರು. ಗೊಂಚಲನ್ನು ಕಿತ್ತುಕೊಂಡು, ಶಾಲಿನೊಳಗೆ ಬಚ್ಚಿಟ್ಟುಕೊಂಡು, ಮೂಲೆಯ ಸ್ಟೂಲಿನ ಮೇಲೆ ಕೂತುಬಿಟ್ಟರು. ಇವರು ನನ್ನ ಕಡೆ ಎಂದು ನನಗೇ ನಂಬಿಕೆ ಬರಲಿಲ್ಲ.

ಹಿಂದೆಯೇ ಒಳಬಂದ ಹೋಟೆಲಿನಾಕೆಗೆ ಅವಸರವೇ ಇಲ್ಲ. ಒಂದೊಂದೇ ಗೊಂಚಲಿಗೆ ಟಾರ್ಚು ಹಿಡಿದು ನೋಡಿದಳು. "ಗುಲಾಬಿ ತುಂಬಾ ಚೆನ್ನಾಗಿ ಬಂದಿದೆ. ಸೇವಂತಿಗೆನೂ ಪರವಾಗಿಲ್ಲ."

ನನ್ನ ಕಣ್ಣು ಅತ್ತೆಯ ಮೇಲೆ. ಬೂಷ್ಟಿನ ಧೂಳು ಮೂಗಿಗೇರಿರಬೇಕು. ತುಟಿ ಕಚ್ಚಿ ಹಿಡಿದಿದ್ದರು. ಕೆಮ್ಮಿದರೆ ಗುಟ್ಟು ರಟ್ಟು. ಬೇಗ ನೋಡಿ ತೊಲಗಬಾರದೇ ಮಾರಾಯ್ತಿ ಎಂದು ಒಳಗೊಳಗೇ ಶಪಿಸಿದೆ. ಆಕೆ ಇನ್ನೊಂದು ಸಾಲಿಗೆ ಹೋದಳು. ಅತ್ತೆಯ ಗಂಟಲಿನಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬಂತು, ಮುಖ ಕಪ್ಪಿಟ್ಟಿತು. ಆದರೂ ಶಾಲಿನ ಮೇಲಿನ ಕೈ ಸಡಿಲಾಗಲಿಲ್ಲ.

ಕೋಣೆ ಹಾಳಾಗಿ ಹೋಗಲಿ! ಕಪ್ಪು ಕಾಗದವನ್ನು ಪರಪರ ಹರಿದು ಕಿಟಕಿ ತೆರೆದೆ. ಬಿಸಿಲೂ ಗಾಳಿಯೂ ಒಟ್ಟಿಗೇ ನುಗ್ಗಿದವು.

"ಅದನ್ನ ಬಿಸಾಕಿ ಅತ್ತೆ! ಇಲ್ಲಿ ಬನ್ನಿ, ಉಸಿರು ಎಳ್ಕೊಳ್ಳಿ!"

ಶಾಲು ಜಾರಿ ಗೊಂಚಲು ಹೋಟೆಲಿನಾಕೆಯ ಕಾಲ ಬಳಿಯೇ ಬಿತ್ತು. ಆಕೆ ಅದನ್ನು ಚಪ್ಪಲಿಯ ತುದಿಯಿಂದ ಹೊರಳಿಸಿ ನೋಡಿದಳು.

"ಹೀಗೆ ಬಚ್ಚಿಟ್ರೆ ಮಿಕ್ಕಿದ್ದನ್ನ ಹೇಗಮ್ಮ ನಂಬೋದು?" ಎಂದವಳೇ ಇಳಿದುಹೋದಳು. ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು.

ಅತ್ತೆಯ ಬಾಯಿಗೆ ಔಷಧಿಯ ಪಂಪು ಇಟ್ಟು ಬೆನ್ನು ನೀವುತ್ತಿದ್ದೆ. ಅಷ್ಟರಲ್ಲಿ ಭಾವ ಅಳತೆ ಟೇಪು ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷ.

"ಹಾಗಾದ್ರೆ ಇವನ್ನೆಲ್ಲ ಇಳಿಸೋಣವಾ ಅಮ್ಮಾ?"

ಅತ್ತೆ ಪಂಪು ಬದಿಗಿಟ್ಟು, ಬಿಸಿಲು ಬಿದ್ದ ಗುಲಾಬಿಗಳತ್ತ ಕೈ ತೋರಿಸಿದರು.

"ನೋಡ್ತಾ ನಿಂತಿದ್ದೀಯಲ್ಲೋ, ಮೊದಲು ಆ ಕಿಟಕಿಗೆ ಮತ್ತೆ ಕಾಗದ ಅಂಟಿಸು," ಎಂದರು. "ಬಣ್ಣ ಹೋಗತ್ತೆ."