ಹದಿನಾಲ್ಕು ವರ್ಷದ ಮೇಲೆ ಕಂಡ ಮುಖ

ಯಲ್ಲದಕೆರೆಯ ಕೆಂಚಕ್ಕನಿಗೆ ಕಣ್ಣು ಹೋಗಿ ಹದಿನಾಲ್ಕು ವರ್ಷ. ಪೂರ್ತಿ ಕತ್ತಲೆಯೇನಲ್ಲ, ಅಂಚಿನಲ್ಲಿ ಬೆಳಕು, ನೆರಳು ಗೊತ್ತಾಗುತ್ತಿತ್ತು, ನೇರ ನೋಡಿದ್ದು ಮಾತ್ರ ಕಾಣುತ್ತಿರಲಿಲ್ಲ. ಕಣ್ಣಿನ ಪರದೆ ಒಣಗಿದೆ, ಆಪರೇಷನ್ನಿಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಂಡ ಯತ್ತಪ್ಪ ಮೊದಲೇ ತೀರಿಕೊಂಡಿದ್ದ. ಕುರಿ ಕಾಯುವುದು, ಅಡುಗೆ, ಅವ್ವನನ್ನು ಕೈ ಹಿಡಿದು ಓಡಾಡಿಸುವುದು, ಎಲ್ಲ ಒಬ್ಬಳೇ ಮಗಳು ಲತಾಳ ಪಾಲಿಗೆ ಬಂತು.

ಹಿರಿಯೂರಿನಲ್ಲಿ ಒಂದು ಟ್ರಸ್ಟಿನವರು ಕಣ್ಣಿನ ಕ್ಯಾಂಪ್ ಮಾಡಿದಾಗ ಲತಾ ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಅಲ್ಲಿ ಆಶಾರಾಣಿ ಎಂಬ ಹುಡುಗಿ ಕೆಂಚಕ್ಕನ ತಲೆಗೆ ದಪ್ಪ ಕನ್ನಡಕದಂಥ ಒಂದು ಹೆಡ್‌ಸೆಟ್ ಕಟ್ಟಿದಳು. ಅದಕ್ಕೆ ವೈರು ಇರಲಿಲ್ಲ, ಫೋನೂ ಕಂಪ್ಯೂಟರೂ ಬೇಕಿರಲಿಲ್ಲ. ಮುಂದಿನ ಕ್ಯಾಮೆರಾಗಳು ಎದುರಿಗಿದ್ದದ್ದನ್ನು ಹಿಡಿದು, ದೊಡ್ಡದು ಮಾಡಿ, ಕಣ್ಣಿನಲ್ಲಿ ಇನ್ನೂ ಜೀವ ಉಳಿದ ಜಾಗಕ್ಕೆ ತೋರಿಸುತ್ತಿದ್ದವು.

"ಭಾರ ಆಯ್ತೇನಜ್ಜಿ? ಸ್ವಲ್ಪ ತಡ್ಕಳ್ರಿ, ಈಗ ಕಾಣ್ತದೆ."

ಮೊದಲು ಗೋಡೆಯ ಕ್ಯಾಲೆಂಡರ್ ಕಂಡಿತು. ಒಂದೊಂದು ಅಂಕಿಯೂ ಅಂಗೈಯಗಲ. ಆಮೇಲೆ ತನ್ನದೇ ಬೆರಳು, ಉಗುರು. ಕೆಂಚಕ್ಕ ನಕ್ಕುಬಿಟ್ಟಳು. ಪಕ್ಕಕ್ಕೆ ತಿರುಗಿದಳು. ಬಿಸಿಲಿಗೆ ಕಪ್ಪಾದ ಮುಖದ ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು, ಬೈತಲೆಯ ಎರಡೂ ಕಡೆ ನರೆ.

"ನೀನು ಯಾವೂರೋಳವ್ವ?" ಎಂದಳು ಕೆಂಚಕ್ಕ. "ನನ್ ಮಗಳೂ ಇಲ್ಲೇ ಎಲ್ಲೋ ಕುಂತಿದ್ಲು."

"ಅವ್ವ, ನಾನೇ."

ಕೆಂಚಕ್ಕನ ಮನಸ್ಸಿನಲ್ಲಿ ಲತಾಗೆ ಇನ್ನೂ ಇಪ್ಪತ್ತಮೂರೇ ವರ್ಷ. ಆ ವಯಸ್ಸಿನಲ್ಲಿ ತಾಳ್ಯದ ಬಾಲರಾಜು ಅವಳನ್ನು ನೋಡಿ ಒಪ್ಪಿದ್ದ. ಲತಾಳಿಗೂ ಇಷ್ಟವಾಗಿತ್ತು. ಮದುವೆಯ ದಿನ ಗೊತ್ತು ಮಾಡಲು ಅವನ ಕಡೆಯವರು ಬಂದಾಗ ಲತಾ ಕುರಿ ಹೊಡೆದುಕೊಂಡು ಹೋಗಿದ್ದಳು. ಕೆಂಚಕ್ಕನ ಕಣ್ಣು ಆಗಷ್ಟೇ ಮಸುಕಾಗತೊಡಗಿತ್ತು. ಒಬ್ಬಳೇ ಹೇಗಿರುವುದೆಂದು ಹೆದರಿ, "ಹುಡುಗಿಗೆ ಇಷ್ಟ ಇಲ್ಲ" ಎಂದು ಅವರನ್ನು ಕಳಿಸಿಬಿಟ್ಟಳು. ಮಗಳಿಗೆ ಹೇಳಿದ್ದೇ ಬೇರೆ: "ನನ್ ಕಣ್ಣಿನ ರೋಗ ನಿಂಗೂ ಬರ್ತೈತಂತೆ. ಅವರೇ ಬ್ಯಾಡ ಅಂದ್ರು." ಆವತ್ತು ಲತಾ ಅವ್ವನನ್ನೇ ಸಮಾಧಾನ ಮಾಡಿದ್ದಳು. ಆಮೇಲೆ ಬಂದ ಯಾವ ಗಂಡಿನೆದುರೂ ಕೂರಲಿಲ್ಲ.

ಆಶಾರಾಣಿ ಮುಂದಿನವರ ಬಳಿ ಹೋದಳು. ಕೆಂಚಕ್ಕ ಮಗಳ ಕೈ ಹಿಡಿದು ಎಲ್ಲ ಹೇಳಿದಳು. "ಲತಾ, ಅವರಲ್ಲ. ನಾನೇ ಬ್ಯಾಡ ಅಂದಿದ್ದು."

ಲತಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಎರಡು ವರ್ಷದ ಹಿಂದೆ ಕುರಿ ಸಂತೇಲಿ ಬಾಲರಾಜು ಸಿಕ್ಕಿದ್ದ. ಮಗು ಎತ್ಕಂಡಿದ್ದ. ನನ್ನ ನೋಡಿ ತಲೆ ತಗ್ಗಿಸ್ಕಂಡು ಹೋದ. ರೋಗದ ಮನೆಯೋಳು ಅಂತ ಹಂಗೆ ಮಾಡಿದ ಅನ್ಕಂಡೆ." ಅವ್ವನ ಕಡೆ ತಿರುಗಿದಳು. "ಅವನು ನಾನು ಬ್ಯಾಡ ಅಂದೆ ಅಂತ ನಂಬ್ಕಂಡಿದ್ನಾ ಅವ್ವ, ಇಷ್ಟು ವರ್ಷ?"

"ಬೈಯೇ. ಹೊಡಿ ನನ್ನ."

"ಬೈದ್ರೆ ಏನ್ ಬರ್ತೈತೆ?"

ಹೆಡ್‌ಸೆಟ್ಟಿನೊಳಗೆ ಕಣ್ಣೀರು ನಿಂತು ಕೆಂಚಕ್ಕನಿಗೆ ಮತ್ತೆ ಎಲ್ಲ ಮಸುಕಾಯಿತು. ಲತಾ ಪಟ್ಟಿ ಮೆಲ್ಲಗೆ ಬಿಚ್ಚಿ, ಗಾಜು ಒರೆಸಿ ಆಶಾರಾಣಿಗೆ ಕೊಟ್ಟಳು. ಹಾಗೇ ಅವ್ವನಿಗೂ ಅಂಥದ್ದೊಂದು ಬೇಕೆಂದು ಟ್ರಸ್ಟಿನ ಅರ್ಜಿಯನ್ನೂ ತುಂಬಿದಳು.

ಮೂರು ತಿಂಗಳಿಗೆ ಟ್ರಸ್ಟಿನಿಂದ ಕೆಂಚಕ್ಕನಿಗೇ ಒಂದು ಹೆಡ್‌ಸೆಟ್ ಬಂತು. ಗುಂಡಿ ಎಲ್ಲಿದೆ, ಚಾರ್ಜಿಗೆ ಹಾಕುವುದು ಹೇಗೆ, ಅದನ್ನು ಹಾಕಿಕೊಂಡು ಒಲೆ ಹಚ್ಚುವುದು ಹೇಗೆ ಎಂದು ಲತಾ ಹತ್ತು ದಿನ ತಾಳ್ಮೆಯಿಂದ ಕಲಿಸಿದಳು. ಹನ್ನೊಂದನೆಯ ದಿನ, "ಕುರಿ ಪಾಪಣ್ಣ ಚಿಕ್ಕಪ್ಪ ನೋಡ್ಕಂತಾನೆ. ಹೊಸದುರ್ಗದಾಗೆ ಬಟ್ಟೆ ಹೊಲಿಯೋ ಕೆಲಸ ಸಿಕ್ಕೈತೆ" ಎಂದಳು.

ಮಗಳು ಹೊರಡುವಾಗ ಕೆಂಚಕ್ಕ ಬಾಗಿಲಲ್ಲಿ ನಿಂತು, "ಒಂದ್ಸಲ ಈ ಕಡೆ ನೋಡೇ ತಾಯಿ" ಎಂದಳು. ಲತಾ ತಿರುಗಿದಳು. ಅವ್ವನಿಗೆ ಸರಿಯಾಗಿ ಕಾಣಲೆಂದು ನೆರಳಿನಿಂದ ಬಿಸಿಲಿಗೆ ಬಂದು ನಿಂತಳು. ಕೆಂಚಕ್ಕ ಆ ಮುಖದಲ್ಲಿ ಕೋಪ ಹುಡುಕಿದಳು. ಅದಾದರೂ ಇದ್ದಿದ್ದರೆ ಕಾಲು ಹಿಡಿಯಬಹುದಿತ್ತು. ಅಲ್ಲಿ ದಣಿವು ಬಿಟ್ಟು ಬೇರೇನೂ ಕಾಣಲಿಲ್ಲ.

ಈಗ ಲತಾ ಭಾನುವಾರ ಬರುತ್ತಾಳೆ. ಬಟ್ಟೆ ಒಗೆದು, ವಾರಕ್ಕಾಗುವಷ್ಟು ಸೌದೆ ಒಡೆದಿಟ್ಟು, ಸಂಜೆ ಬಸ್ಸಿಗೆ ಹೋಗುತ್ತಾಳೆ.