ಯಾಪನೀಯರು ಹೇಳಿದ ಮಾತು

“ಹೊತ್ತು ಮುಳುಗಾಕ ಬಂತು. ಬಂದು ಉಣ್ತೀಯೋ, ಇಲ್ಲಾ ಆ ಸತ್ತ ಮುನಿಗಳ ಕೂಡ ಉಪವಾಸ ಇರ್ತೀಯೋ?”

ಅಡುಗೆಮನೆಯಿಂದ ಜಕ್ಕವ್ವ ಕೂಗಿದಳು. ತವನಪ್ಪ ಆಗತಾನೇ ಧಾರವಾಡದ ಬಸ್ಸಿಳಿದು ಬಂದಿದ್ದ. ಅಲ್ಲಿನ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುವ ಅವನ ಪಾಳಿ ಬರುವಷ್ಟರಲ್ಲಿ ಜನ ಊಟಕ್ಕೆ ಎದ್ದಿದ್ದರು. ಅಧ್ಯಕ್ಷರು ತೂಕಡಿಸುತ್ತಿದ್ದರು, ಮೈಕಿನವನು ವೈರು ಸುತ್ತುತ್ತಿದ್ದ. ಒಂದು ಕಾಲಕ್ಕೆ ಇದೇ ಸೀಮೆಯಲ್ಲಿ ಬಸದಿ ಕಟ್ಟಿಸಿ, ಆಮೇಲೆ ಹೇಳಹೆಸರಿಲ್ಲದಂತೆ ಹೋದ ಯಾಪನೀಯ ಸಂಘದ ಜೈನ ಮುನಿಗಳ ಬೆನ್ನು ಹತ್ತಿ ಅವನ ಅರ್ಧ ಆಯುಷ್ಯ ಕಳೆದಿತ್ತು. ಸಾಕಾಗಿತ್ತು ಅವನಿಗೆ, ನಿಜವಾಗಿ ಸಾಕಾಗಿತ್ತು.

ಜಕ್ಕವ್ವ ಅವನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು, ತಮ್ಮನನ್ನು ಓದಿಸಿದಳು, ಅವನ ಹೆಂಡತಿ ತೀರಿದ ಮೇಲೆ ಮತ್ತೆ ಅವನಿಗೆ ರೊಟ್ಟಿ ಬಡಿಯತೊಡಗಿದಳು. ಇದರ ನಡುವೆ ಅವಳು ಹಿಡಿಯದ ವ್ರತ-ನೋಂಪಿಯಿಲ್ಲ, ಮಾಡದ ಉಪವಾಸವಿಲ್ಲ. ಈಗ ಹಿಡಿದ ನೋಂಪಿ ಮಾರನೆಯ ದಿನ ಬಸದಿಯಲ್ಲಿ ಮುಗಿಯುವುದಿತ್ತು.

“ಯಾರೂ ಕೇಳ್ಲಿಲ್ಲೇನು?” ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು.

“ಇಲ್ಲಕ್ಕ.”

“ಹೋಗ್ಲಿ ಬಿಡು, ನಂಗರ ಹೇಳು. ಅಂಥಾದ್ದೇನ್ ಹೇಳಿದ್ರು ಅವ್ರು, ನೀ ಹಿಂಗ ಸೊರಗಿ ಸುಣ್ಣ ಆಗಾಕ?”

ಇಷ್ಟು ವರ್ಷದಲ್ಲಿ ಅವಳು ಇದನ್ನು ಕೇಳಿದ್ದು ಇದೇ ಮೊದಲು. ತವನಪ್ಪ ರೊಟ್ಟಿ ಮುರಿಯುತ್ತ, ಹಿಂದೆಮುಂದೆ ನೋಡದೆ ಹೇಳಿಬಿಟ್ಟ. “ಭಾಳ ಹೇಳ್ಯಾರ. ಹೆಂಗಸು ಹೆಂಗಸಾಗೇ ಮೋಕ್ಷಕ್ಕ ಹೋಗ್ತಾಳ, ಅದಕ್ಕಂತ ಗಂಡಾಗಿ ಹುಟ್ಟಿ ಬರಬೇಕಿಲ್ಲ ಅಂತನೂ ಹೇಳ್ಯಾರ.”

ಪಲ್ಯ ಬಡಿಸುತ್ತಿದ್ದ ಸೌಟು ನಿಂತಿತು.

“ಯಾರು, ನಮ್ಮ ಮುನಿಗಳಾ?”

“ನಮ್ಮವ್ರೇ. ಬತ್ತಲೆ ಇದ್ದವ್ರೇ, ನವಿಲುಗರಿ ಪಿಂಛ ಹಿಡದವ್ರೇ.”

ಜಕ್ಕವ್ವ ಅಲ್ಲೇ ಕೂತುಬಿಟ್ಟಳು. “ನಾ ಇಷ್ಟ ವರ್ಷ ಹಸ್ತು ಹಸ್ತು ಏನ್ ಬೇಡಿಕೊಂಡೆ ಗೊತ್ತೈತೇನೋ? ಈ ಹೆಣ್ಣ ಜನ್ಮ ಇದ ಕಡೀದಾಗ್ಲಿ, ಮುಂದ ಗಂಡಾಗಿ ಹುಟ್ಟಸು, ಆಮ್ಯಾಗ ಮೋಕ್ಷ ಕೊಡು ಅಂತ. ನಿಂಗ ಗೊತ್ತಿತ್ತು. ಮದ್ಲ ಯಾಕ ಹೇಳ್ಲಿಲ್ಲ?”

ತವನಪ್ಪ ಊರೂರಿನ ಪಂಡಿತರಿಗೆಲ್ಲ ತನ್ನ ಪುಸ್ತಕ ಕಳಿಸಿದ್ದ. ಒಲೆಯ ಮುಂದೆ ಕೂತವಳಿಗೆ ಇದು ಬೇಕಾದೀತೆಂದು ಒಮ್ಮೆಯೂ ಹೊಳೆದಿರಲಿಲ್ಲ.

“ತಪ್ಪಾತಕ್ಕ.”

“ಈಗ ಎಲ್ಲದಾರ ಅವ್ರು?”

“ಎಲ್ಲೂ ಇಲ್ಲ. ಒಬ್ರೂ ಉಳೀಲಿಲ್ಲ.”

ಅವಳು ತನಗೆ ಬಡಿಸಿಕೊಳ್ಳದೆ ಎದ್ದುಹೋದಳು. ಅಷ್ಟರಲ್ಲಿ ಹೊತ್ತು ಮುಳುಗಿತು, ಜೈನರ ನೇಮದಂತೆ ಇನ್ನು ಅವಳು ಉಣ್ಣುವಂತಿರಲಿಲ್ಲ. ಮುಪ್ಪಿನಲ್ಲಿ ಅಕ್ಕನಿಗಿದ್ದ ಒಂದೇ ಆಸೆಯನ್ನು ಕೈಯಾರೆ ಕಿತ್ತುಕೊಂಡೆನಲ್ಲ ಎಂದುಕೊಂಡು ತವನಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟೆದ್ದ.

ಬೆಳಿಗ್ಗೆ ಬಸದಿಯಲ್ಲಿ ನೋಂಪಿ ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು. ಅಕ್ಕನ ಜೊತೆ ಬಂದ ತವನಪ್ಪ ಕಂಬದ ಹತ್ತಿರ ನಿಂತಿದ್ದ. ಪೂಜೆಯ ಉಪಾಧ್ಯೆ ಒಬ್ಬೊಬ್ಬರಿಂದ ಸಂಕಲ್ಪ ಹೇಳಿಸುತ್ತಿದ್ದ, ಜಕ್ಕವ್ವ ತನ್ನ ಹೆಸರು, ಊರು, ನೋಂಪಿಯ ಹೆಸರು ಎಲ್ಲ ಹೇಳಿದಳು.

“ಸ್ತ್ರೀಜನ್ಮ ನೀಗಲಿ ಅನ್ರಿ.”

ಅವಳು ಸುಮ್ಮನಿದ್ದಳು. ಮುದುಕಿಗೆ ಕಿವಿ ಮಂದವೆಂದುಕೊಂಡು ಉಪಾಧ್ಯೆ ದನಿ ಏರಿಸಿದ.

“ಕೇಳ್ಸೈತಿ. ಅದನ್ನ ಬಿಟ್ಟು ಮುಂದಿಂದು ಹೇಳ್ರಿ.”

“ಅದನ್ನ ಬಿಟ್ರ ಹೆಂಗಬೇ ಅವ್ವಾ? ಮೋಕ್ಷ ಅದರ ಮುಂದಿನ ಮಾತು.”

“ಮೋಕ್ಷನ ಕೇಳ್ತೀನಿ. ಸುತ್ತು ಹಾಕ್ಕೊಂಡು ಹೋಗಾಕ ನನ್ನ ಕಡಿಂದ ಆಗಂಗಿಲ್ಲಪ್ಪಾ, ಸಾಕಾಗೈತಿ.”

ಉಪಾಧ್ಯೆ ನೀವಾದರೂ ಹೇಳಿ ಎನ್ನುವಂತೆ ತವನಪ್ಪನ ಕಡೆ ನೋಡಿದ. ತವನಪ್ಪ ಅಕ್ಕನ ಕಡೆಗೇ ಕೈ ತೋರಿಸಿದ. ಉಪಾಧ್ಯೆ ಏನೋ ಗೊಣಗಿ, ಆ ಮಾತು ಹಾರಿಸಿ, ಉಳಿದದ್ದನ್ನು ಹೇಳಿಸಿ ಮುಗಿಸಿದ. ಆಮೇಲೆ ಪಕ್ಕದ ಹೆಂಗಸಿನ ಕಡೆ ತಿರುಗಿ ಮತ್ತೆ ಮೊದಲಿನಿಂದ ಶುರುಮಾಡಿದ. ಆಕೆ ಕೈ ಮುಗಿದುಕೊಂಡು, ಬಾಯಿ ತೆರೆಯದೆ, ಜಕ್ಕವ್ವನ ಮುಖವನ್ನೇ ನೋಡುತ್ತಿದ್ದಳು.