ಗೆನ್‌ಲಾ ಹುಟ್ಟಿದ ವರ್ಷ

“ನಾಯಿ,” ಎಂದಳು ಕೋರಾ, ಒಂದು ಕಾಲಿನ ಶೂ ಬಿಚ್ಚಿ ಇನ್ನೊಂದರ ಲಾಡಿಯ ಜೊತೆ ಬಾಗಿಲಲ್ಲೇ ಗುದ್ದಾಡುತ್ತ. “ಗೆನ್‌ಲಾ ನಾಯಿ ವರ್ಷದವರು. ನನಗೆ ಖಂಡಿತ ಗೊತ್ತು. ಯಾಕಂದ್ರೆ ನಾನೂ ನಾಯಿ.”

ಪ್ರಾಣಿಗಳ ಹೆಸರಿನ ಹನ್ನೆರಡು ವರ್ಷಗಳನ್ನು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದ ಸನ್ಯಾಸಿ ಕುಶೋ ತೆಂದಾರ್ ಅವರ ಹೆಬ್ಬೆರಳು ಇದ್ದಲ್ಲೇ ನಿಂತಿತು. ಸೋಫಾದ ತುದಿಯಲ್ಲಿ ಕೂತಿದ್ದ ರಸೆಲ್, ಕೋರಾಳ ಹಾಗೆಯೇ ಗೆನ್‌ಲಾರ ವಿದ್ಯಾರ್ಥಿ, ಕೆಮ್ಮಿದ.

“ಕ್ಷಮಿಸ್ಬೇಕು. ಎತ್ತು. ‘ರಸೆಲ್, ನಾವಿಬ್ರೂ ಎತ್ತುಗಳು, ಒಂದೇ ನೊಗಕ್ಕೆ ಆಗ್ತೀವಿ’ ಅಂತ ಅವರೇ ಹೇಳಿದ್ರು.”

“ಕೋತಿ!” ಎಂದು ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪು ಕೂಗಿತು. ಅದರೊಳಗೆ ಬೇರೆ ಬೇರೆ ಊರಿನ ವಿದ್ಯಾರ್ಥಿಗಳ ಮುಖಗಳು ಚೌಕಚೌಕವಾಗಿ ಕೂತಿದ್ದವು. ಕೂಗಿದ ಹೆಂಗಸಿನ ಸುತ್ತ ಹಳದಿ ಗೆರೆ ಮೂಡಿ ಮಾಯವಾಯಿತು.

“ಅದರ ಬಾಯಿ ಮುಚ್ಚಿಸೇ,” ಎಂದರು ಪಕ್ಕದ ಮನೆಯ ಅಚಾ ಬೂಟಿ, ಯಾಂಗ್ಜೊಮ್‌ಗೆ. “ಒಳಗೆ ನಿಮ್ಮ ಪಾಲಾಗೆ ಕೇಳ್ಸತ್ತೆ.”

ಯಾಂಗ್ಜೊಮ್ ಹೋಗಿ ಧ್ವನಿ ತಗ್ಗಿಸಿದಳು. ಪಾಲಾ, ಅವಳ ಅಪ್ಪ, ಒಳಕೋಣೆಯಲ್ಲಿ ಸತ್ತು ಮೂರನೆಯ ದಿನದ ಹೆಣವಾಗಿ ಮಲಗಿದ್ದರು. ಉಳಿದವರಿಗೆಲ್ಲ ಅವರು ಗೆನ್‌ಲಾ, ಮೇಷ್ಟ್ರು. ಹೆಸರನ್ನು ಈಗ ಯಾರೂ ಹೇಳುವಂತಿರಲಿಲ್ಲ. ಹೆಸರು ಹಿಡಿದು ಕರೆದರೆ ಹೊರಟವರು ತಿರುಗಿ ನೋಡುತ್ತಾರೆ. ವಿದ್ಯಾರ್ಥಿಗಳು ಮಾತ್ರ ಬಂದವರು ಬಂದಂತೆ ಪೂರ್ತಿ ಹೆಸರನ್ನು ಹಾಜರಿ ಕೂಗುವ ಹಾಗೆ ಹೇಳುತ್ತಿದ್ದರು. ಪ್ರತಿ ಸಲವೂ ಅಚಾ ಬೂಟಿ ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಳ್ಳುತ್ತಿದ್ದರು.

ಮೂರು ದಿನದಿಂದ ಯಾರೂ ಅವರನ್ನು ಮುಟ್ಟಿರಲಿಲ್ಲ. ಕಿಟಕಿ ತೆರೆದು ಬೆಟ್ಟದ ತಣ್ಣನೆಯ ಗಾಳಿಯನ್ನು ಒಳಗೆ ಬಿಟ್ಟಿದ್ದರು. ಇವತ್ತು ಮೊದಲು ಮುಟ್ಟುವ ಕೈ ನೆತ್ತಿಯ ಮೇಲೆ ಬೀಳಬೇಕು; ಜೀವ ಹೊರಡುವ ಬಾಗಿಲು ಅದು. ಆ ಕೈ ಯಾರದೆಂದು ಕುಶೋ ಲೆಕ್ಕ ಹಾಕಿ ಹೇಳಬೇಕು. ಸತ್ತವರ ವರ್ಷಕ್ಕೆ ಎದುರು ಬೀಳುವ ವರ್ಷದವರು ಮುಟ್ಟುವುದಿರಲಿ, ಹೆಣ ಹೊರಡುವಾಗ ಮನೆಯೊಳಗೂ ಇರಕೂಡದು. ಆ ಒಂದು ಸಲದ ಮುಟ್ಟುವಿಕೆ ತನಗೆ ಸಿಗಬೇಕು ಎಂಬುದೊಂದೇ ಯಾಂಗ್ಜೊಮ್‌ಳ ಮನಸ್ಸಿನಲ್ಲಿತ್ತು. ಉಳಿದದ್ದೆಲ್ಲ ಜೋಮು ಹಿಡಿದ ಕಾಲಿನ ಹಾಗೆ ಅವಳದಾಗಿದ್ದೂ ಅವಳದಾಗಿರಲಿಲ್ಲ.

“ಗೆನ್‌ಲಾ ಡ್ರೈವಿಂಗ್ ಲೈಸೆನ್ಸಿನಲ್ಲಿ ಜನವರಿ ಒಂದು ಅಂತಿದೆ ನೋಡಿ, ಕುಶೋ,” ಎಂದರು ಅಚಾ ಬೂಟಿ.

“ನಿಮ್ಮದು?”

“ನಂದೂ ಜನವರಿ ಒಂದು. ನಮ್ಮ ಯಜಮಾನರದೂ ಅದೇ.”

“ನಂದೂ ಅದೇ. ನಮ್ಮೋರೆಲ್ಲ ಒಂದೇ ದಿನ ಹುಟ್ಟಿದೋರು. ಸೂಲಗಿತ್ತಿಗೆ ಅವತ್ತು ಊಟಕ್ಕೂ ಪುರುಸೊತ್ತು ಸಿಕ್ಕಿರ್ಲಿಕ್ಕಿಲ್ಲ.” ಕುಶೋ ಲೈಸೆನ್ಸನ್ನು ಮಗುಚಿ ಇಟ್ಟರು. “ದಿನಾನೂ ನಿರಾಶ್ರಿತರ ಕಚೇರಿ ಗುಮಾಸ್ತ ಬರ್ದದ್ದು, ವರ್ಷಾನೂ ಗುಮಾಸ್ತ ಬರ್ದದ್ದು. ಇದನ್ನ ಹಿಡ್ಕೊಂಡು ನಾನು ಯಾರನ್ನ ಕಳಿಸ್ಲಿ? ಯಾಂಗ್ಜೊಮ್, ನೀನು ಮಗಳು. ನಿಂಗೆ ಗೊತ್ತಿರ್ಬೇಕಲ್ಲಮ್ಮ.”

“ಚಹಾ ತರ್ತೀನಿ, ಕುಶೋ,” ಎಂದು ಯಾಂಗ್ಜೊಮ್ ಅಡುಗೆಮನೆಗೆ ಹೋದಳು.

ಗೊತ್ತಿತ್ತು.

*

ಬೈಲಕುಪ್ಪೆಯ ಮೆಕ್ಕೆಜೋಳದ ಹೊಲಗಳ ನಡುವೆ ಹೆಂಚಿನ ಮನೆಯಲ್ಲಿ ಅವಳಿಗೆ ಟಿಬೆಟನ್ ಅಕ್ಷರ ಕಲಿಯುವ ವಯಸ್ಸಾಗಿತ್ತು. ಅಪ್ಪ ಆಗ ಸಂಘದ ಟ್ರ್ಯಾಕ್ಟರ್ ಓಡಿಸುತ್ತಿದ್ದರು; ಸಂಜೆ ಕೂತು ಒಂದು ಮರದ ಹಲಗೆಯನ್ನು ಉಜ್ಜಿ ಉಜ್ಜಿ ಬರೆಯುವ ಪಾಟಿ ಮಾಡಿದ್ದರು. ಒಳ್ಳೆಯ ದಿನ ಕೇಳಲೆಂದು ಅಮ್ಮ ಮಠದ ಜೋಯಿಸರಲ್ಲಿಗೆ ಹೋದಳು. ಹೋದದ್ದೇ ತಪ್ಪಾಯಿತು.

“ಅವನು ಕುದುರೆ, ಇವಳು ಇಲಿ,” ಎಂದರಂತೆ ಜೋಯಿಸರು. “ಎದುರುಬದುರು. ಅವನ ಕೈಯಿಂದ ಇವಳಿಗೆ ಅಕ್ಷರ ಬೇಡ. ಇಬ್ಬರಲ್ಲೊಬ್ಬರ ಆಯಸ್ಸು ಕಡಿಮೆಯಾಗತ್ತೆ.”

ಅಪ್ಪ ಕುದುರೆ ಎಂಬುದು ಅಜ್ಜಿಯ ಬಾಯಿಂದ ಅಮ್ಮ ಕೇಳಿದ್ದ ಮಾತು. ಅಪ್ಪ ವಾದ ಮಾಡಲಿಲ್ಲ. ಪಾಟಿಯನ್ನು ನೀರಿನ ಹಂಡೆಗೆ ಮುಚ್ಚಳ ಮಾಡಿದರು. ಅಕ್ಷರಕ್ಕೆಂದು ಅವಳನ್ನು ಕಳಿಸಿದ ಸೋದರಮಾವ ಸನ್ಯಾಸಿಗೆ ಕೈಯಲ್ಲಿ ಕೋಲಿಲ್ಲದಿದ್ದರೆ ಮಾತೇ ಬರುತ್ತಿರಲಿಲ್ಲ. ಅವಳು ಕೋಲನ್ನು ಕಲಿತಳು, ಅಕ್ಷರವನ್ನು ಕಲಿಯಲಿಲ್ಲ. ಆಮೇಲೆ ಅಮೆರಿಕ ಬಂತು. ಅಪ್ಪ ವೃದ್ಧಾಶ್ರಮವೊಂದರಲ್ಲಿ ಪಾತ್ರೆ ತೊಳೆದರು, ಅಡುಗೆ ಮಾಡಿದರು. ಧ್ಯಾನವನ್ನೂ ಪಾಠವಾಗಿ ಹೇಳಿಕೊಡುವ ಇಲ್ಲಿನ ಒಂದು ವಿಶ್ವವಿದ್ಯಾಲಯದವರು ಆಮೇಲೊಂದು ದಿನ ಅವರನ್ನು ಕರೆದು, ಹೊಸಬರಿಗೆ ಪರದೆಯ ಮೇಲೆ ಟಿಬೆಟನ್ ಕಲಿಸುತ್ತೀರಾ ಎಂದು ಕೇಳಿದರು. ಅಲ್ಲಿ ಪ್ರತಿ ತರಗತಿಯೂ ಗಂಟೆ ಬಾರಿಸಿ, ಪರದೆಗೆ ತಲೆಬಾಗಿಸಿ, ಒಂದು ನಿಮಿಷ ಸುಮ್ಮನಿದ್ದು ಶುರುವಾಗುತ್ತಿತ್ತು. ಅಧ್ಯಾಪಕರ ಸಭೆಯೂ ಹಾಗೆಯೇ. ಸಂಬಳದ ಮಾತು ಬಂದರೆ ಮೌನ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು.

ಅಮ್ಮ ಸತ್ತ ಮೇಲೆ ಯಾಂಗ್ಜೊಮ್ ಆಸ್ಪತ್ರೆಯ ಕೆಲಸ ಮುಗಿಸಿ ಇಲ್ಲಿಗೆ ಬಂದು ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಗೋಡೆಯಾಚೆ ಅಪ್ಪ “ಕ, ಖ, ಗ, ಙ” ಎನ್ನುತ್ತಿದ್ದರು. ಬರ್ಲಿಂಗ್ಟನ್ನಿನ ದಂತವೈದ್ಯನಿಗೆ, ಒರೆಗಾನಿನ ಜೇನು ಸಾಕುವವಳಿಗೆ, ಬೇಸರ ಕಳೆಯಲು ಬಂದ ವಕೀಲನಿಗೆ. ಈಚೆ ಅವಳು ತುಟಿಯಾಡಿಸುತ್ತಿದ್ದಳು.

“ನಂಗೂ ಕಲಿಸ್ಬಾರ್ದಾ, ಪಾಲಾ?” ಎಂದು ಒಮ್ಮೆ ಕೇಳಿದ್ದಳು.

“ಇಷ್ಟು ವರ್ಷ ಕಾದಿದ್ದೀನಿ, ನಿಂಗೇನೂ ಆಗ್ಬಾರ್ದು ಅಂತ,” ಎಂದಿದ್ದರು ಅವರು, ಸಾರಿಗೆ ಉಪ್ಪು ಹಾಕುತ್ತ. “ಈಗ ಹಾಳ್ಮಾಡ್ಬೇಡ.”

*

ಮಿಕ್ಸಿಯಲ್ಲಿ ಬೆಣ್ಣೆ ಚಹಾ ತಿರುಗುತ್ತಿತ್ತು. ಅಚಾ ಬೂಟಿ ಹಿಂದೆಯೇ ಬಂದರು.

“ಅಲ್ವೇ, ನಿಮ್ಮಪ್ಪ ಪಾಠ ಹೇಳ್ತಿದ್ರೋ ಮೃಗಾಲಯ ನಡೆಸ್ತಿದ್ರೋ? ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ! ಹೊರಗೆ ವ್ಯಾನು ಬಂದು ನಿಂತಿದೆ. ಡ್ರೈವರ್ ಆಗ್ಲೇ ಎರಡು ಸಲ ಗಡಿಯಾರ ನೋಡ್ದ. ಚಿತಾಗಾರದೋರು ನಮ್ಗೋಸ್ಕರ ಕಾಯ್ತಾರಾ?”

“ಇಲ್ಲ.”

“ಒಂದು ಹನಿ ಕಣ್ಣೀರಿಲ್ಲ ನಿಂಗೆ. ಒಳ್ಳೇದೇ, ಹೆಣದ ಹತ್ರ ಅಳ್ಬಾರ್ದು. ಆದ್ರೂ.” ಅಚಾ ಬೂಟಿ ಅವಳ ಮುಖವನ್ನೇ ನೋಡಿ, ಚಹಾದ ತಟ್ಟೆ ಎತ್ತಿಕೊಂಡು ಹೋದರು.

ನಡುಮನೆಯಲ್ಲಿ ಕೋರಾ ಅವಳನ್ನು ಕಂಡು ಎದ್ದು ನಿಂತಳು. ಎಪ್ಪತ್ತರ ಹೆಂಗಸು, ಎರಡೂ ಕೈಯಲ್ಲಿ ಬಿಳಿ ರೇಷ್ಮೆ ವಸ್ತ್ರ. ಸಂತಾಪವನ್ನು ಟಿಬೆಟನ್ನಿನಲ್ಲೇ ಹೇಳಬೇಕೆಂದು ದಾರಿಯುದ್ದ ಅಭ್ಯಾಸ ಮಾಡಿದ್ದಳೆಂದು ಕಾಣುತ್ತದೆ.

“ನಿಮ್ಮ ಮನೆ ದೊಡ್ಡದು. ಚಹಾ ಬಿಸಿಯಾಗಿದೆ. ಗೆನ್‌ಲಾ ಬಹಳ ಒಳ್ಳೆಯವರು ಇದ್ದಾರೆ,” ಎಂದಳು. ಆಮೇಲೆ ತನ್ನ ಭಾಷೆಯಲ್ಲಿ, ತಪ್ಪಿತಸ್ಥಳಂತೆ, “ನಮಗಿನ್ನೂ ಅಷ್ಟೇ ಆಗಿರೋದು. ‘ಇದ್ದರು’ ಅನ್ನೋದು ಮುಂದಿನ ಪಾಠ.”

“ಚೆನ್ನಾಗಿ ಹೇಳಿದ್ರಿ,” ಎಂದಳು ಯಾಂಗ್ಜೊಮ್.

ಅಷ್ಟರಲ್ಲಿ ರಸೆಲ್ ಕುಶೋ ಮುಂದೆ ಮಂಡಿಯೂರಿ ಏನೋ ವಿವರಿಸುತ್ತಿದ್ದ. ನಿವೃತ್ತ ಪೋಸ್ಟ್‌ಮ್ಯಾನ್, ಯಾವ ವಿಷಯವನ್ನೂ ಸರಿಯಾದ ಮನೆಗೆ ತಲುಪಿಸದೆ ಬಿಡುವವನಲ್ಲ.

“ಈಗ ಹೊಳೀತು, ಕುಶೋ. ಮೊದಲ ತಿಂಗಳೇ ಪಾಠದಲ್ಲಿ ಒಂದು ಸಂಭಾಷಣೆ ಬರತ್ತೆ. ‘ನೀವು ಯಾವ ವರ್ಷ?’ ‘ನಾನು ಹುಲಿ.’ ‘ಓ, ನಾನೂ ಹುಲಿ, ಬನ್ನಿ ಒಟ್ಟಿಗೆ ಕೂರೋಣ.’ ಒಂದೇ ವರ್ಷದೋರನ್ನ ಜೋಡಿ ಮಾಡಿ ಮಾತಾಡೋಕೆ ಕಳಿಸ್ತಿದ್ರು. ನಮ್ಮ ಬ್ಯಾಚಲ್ಲಿ ನಾನೊಬ್ಬನೇ ಎತ್ತು ಉಳ್ಕೊಂಡೆ. ಆಗ ಗೆನ್‌ಲಾ ‘ನಾನೂ ಎತ್ತು’ ಅಂದ್ರು.”

ಕೋರಾ ಕೈಯಲ್ಲಿದ್ದ ರೇಷ್ಮೆ ವಸ್ತ್ರವನ್ನು ಮಡಿಸಿದಳು. “ನಾನೂ ಒಬ್ಳೇ ಉಳ್ಕೊಂಡಿದ್ದೆ.”

ಧ್ವನಿ ತಗ್ಗಿಸಿದ್ದ ಲ್ಯಾಪ್‌ಟಾಪಿನಲ್ಲಿ ಕೋತಿಯ ಹೆಂಗಸು ತನ್ನ ಎದೆ ಮುಟ್ಟಿ ತೋರಿಸುತ್ತಿದ್ದಳು. ಅವಳ ಕೆಳಗಿನ ಚೌಕದ ಗಡ್ಡದವನೂ ಕೈ ಎತ್ತಿದ.

ಕುಶೋ ಸ್ವಲ್ಪ ಹೊತ್ತು ಚಹಾದ ಮೇಲಿನ ಬೆಣ್ಣೆಯನ್ನು ಊದಿದರು. ಹೊರಗೆ ವ್ಯಾನಿನವನು ಬಾಗಿಲು ತಟ್ಟಿದ. ಅಚಾ ಬೂಟಿ ಹೋಗಿ ಅವನನ್ನು ಬೈದು, ಒಂದು ಲೋಟ ಚಹಾ ಕೊಟ್ಟು ಬಂದರು.

“ಹಾಗಾದ್ರೆ ಇವರ ಯಾರ ಮಾತೂ ಲೆಕ್ಕಕ್ಕೆ ಬರಲ್ಲ,” ಎಂದರು ಕುಶೋ. “ಯಾಂಗ್ಜೊಮ್. ನೀನು ಏನು ಹೇಳ್ತೀಯೋ ಅದನ್ನೇ ಹಿಡೀತೀನಿ. ಯಾವ ವರ್ಷ?”

ಕುದುರೆ ಎಂದರೆ ಅವಳು ಈಗ ಕೋಟು ಹಾಕಿಕೊಂಡು ಹೊರಗೆ ಹೋಗಿ, ಬೀದಿಯ ಆಚೆ ನಿಲ್ಲಬೇಕು. ರಸೆಲ್ ಒಳಗೆ ಹೋಗುತ್ತಾನೆ, ಇಲ್ಲವೇ ಕೋರಾ. ಇಬ್ಬರಲ್ಲೊಬ್ಬರ ಆಯಸ್ಸು ಎಂದಿದ್ದರು ಜೋಯಿಸರು. ಒಬ್ಬರದು ಮುಗಿದಿತ್ತು. ಉಳಿದದ್ದು ಅವಳದೊಂದೇ.

“ಇಲಿ,” ಎಂದಳು.

“ಇಲಿ?”

“ಇಲಿ.”

“ನಿನ್ನದು?”

“ನಾನೂ ಇಲಿ, ಕುಶೋ.”

ರಸೆಲ್ ತನ್ನ ಕಾಲುಚೀಲವನ್ನು ನೋಡಿಕೊಂಡ. ಕುಶೋ ಅವಳ ಮುಖವನ್ನು ನೋಡಿದರು. ಎಷ್ಟು ನೋಡಿದರು ಎಂದರೆ ಅವಳು ಖಾಲಿ ಲೋಟವೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಆಮೇಲೆ ಅವರ ಹೆಬ್ಬೆರಳು ಗೆಣ್ಣುಗಳ ಮೇಲೆ ಮತ್ತೆ ಹೊರಟಿತು, ನಿಧಾನವಾಗಿ, ಇಡೀ ಅಂಗೈ ಸುತ್ತಿ ಬಂತು.

“ಲೈಸೆನ್ಸಿಗಿಂತ ಐದು ವರ್ಷ ದೊಡ್ಡೋರಾದ್ರು, ಹಾಗಾದ್ರೆ.”

“ನೋಡಿದ್ರೆ ಗೊತ್ತಾಗ್ತಿರ್ಲಿಲ್ಲ,” ಎಂದರು ಅಚಾ ಬೂಟಿ. “ಚೆನ್ನಾಗಿ ಇಟ್ಕೊಂಡಿದ್ರು ಮೈನ.”

“ಇಲಿಗೆ ಇಲಿ ಆಗತ್ತೆ. ಕೈ ತೊಳ್ಕೊಂಡು ಹೋಗು.”

ಅವಳು ಕೈ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಒಳಕೋಣೆ ಬಹಳ ತಣ್ಣಗಿತ್ತು. ಕುಶೋ ಬಾಗಿಲಲ್ಲೇ ನಿಂತು ಮಂತ್ರ ಶುರು ಮಾಡಿದರು. ಅವಳು ಬಿಳಿ ಬಟ್ಟೆಯನ್ನು ಹಣೆಯವರೆಗೆ ಸರಿಸಿ, ನೆತ್ತಿಯ ಮೇಲೆ ಬಲಗೈ ಇಟ್ಟಳು.

ನರೆತ ಕೂದಲ ನಡುವೆ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ, ಎರಡು ಬೆರಳಗಲ ಸವೆದು ಕಾಲುಹಾದಿಯಂತೆ ತಗ್ಗಾಗಿತ್ತು. ವರ್ಷಗಟ್ಟಲೆ ಪಾಠ ಹೇಳುವಾಗ ಹೆಡ್‌ಫೋನಿನ ಪಟ್ಟಿ ಕೂತ ಜಾಗ. ಅವಳ ಬೆರಳುಗಳು ಅದನ್ನು ಹಿಡಿದು ಕಿವಿಯವರೆಗೂ ಹೋದವು, ತಿರುಗಿ ನೆತ್ತಿಗೆ ಬಂದವು.